ಏಣಿ ಹಿಡಿದ ಕೈಗಳು

ಹದಿನಾಲ್ಕನೇ ತಾರೀಕು, ಗುರುವಾರ
ಸಂಜೆ ಆರೂವರೆ

ಪ್ರೀತಿಯ ತಮ್ಮನಿಗೆ,

ಈಗ ತಾನೇ ಆಸ್ಪತ್ರೆಯಿಂದ ಬಂದೆ. ಬೆಳಿಗ್ಗೆಯೆಲ್ಲ ಬೆಂಚಿನ ಮೇಲೆ ಕಳೆಯಿತು. ಮಧ್ಯಾಹ್ನ, ಅಣ್ಣನನ್ನು ನೋಡಿದ್ದ ಡಾಕ್ಟರಮ್ಮ ಒಳಗೆ ಕರೆದರು. ಅಣ್ಣ ಹೋಗಿ ನಲವತ್ತು ದಿನವಾದರೂ ನಿನಗೆ ಒಂದು ಸಾಲು ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಮಣ್ಣಿಗೆ ಬಂದವನು ನೀರೂ ಕುಡಿಯದೆ ಹೋದೆಯಲ್ಲ, ಅದೇ ಕಣ್ಣಿಗೆ ಕಟ್ಟಿದೆ.

ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಲೇ ಎದೆ ಹಿಡಿದುಕೊಂಡು ಕುಸಿದನಲ್ಲ ಅಣ್ಣ, ಆಮೇಲೆ ಆಸ್ಪತ್ರೆಯಲ್ಲಿದ್ದ ಎರಡು ದಿನದಲ್ಲಿ ತೆಗೆದ ರಕ್ತದಲ್ಲಿ ಕೊಬ್ಬು ಮಿತಿಮೀರಿತ್ತಂತೆ. ಕಡ್ಡಿಯಂತಿದ್ದವನು, ಎಣ್ಣೆ ಕಂಡರೆ ಮಾರು ದೂರ!

"ಒಂದೇ ಕಾರಣ ಅಲ್ಲಮ್ಮ," ಎಂದರು ಡಾಕ್ಟರಮ್ಮ. "ತಂದೆತಾಯಿಯಿಂದ ಬರೋ ಜೀನ್‌ಗಳಲ್ಲಿ ಎಲ್ಲರಿಗೂ ಸಣ್ಣ ಸಣ್ಣ ವ್ಯತ್ಯಾಸ ಇರುತ್ತೆ. ಒಂದೊಂದರಿಂದ ಏನೂ ಆಗಲ್ಲ. ಕೆಲವು ಮನೇಲಿ ಅಂಥವು ತುಂಬ ಸೇರ್ಕೊಂಡು ಹೃದಯಕ್ಕೆ ಅಪಾಯ ಜಾಸ್ತಿ ಮಾಡ್ತವೆ. ಬಂದೇ ಬರುತ್ತೆ ಅಂತಲ್ಲ. ಮೊದಲೇ ಗೊತ್ತಾದ್ರೆ ಮಾತ್ರೆ ಇದೆ."

ನನಗೆ ಅಪ್ಪ ಬಣ್ಣ ಕಲಸುತ್ತಿದ್ದುದು ನೆನಪಾಯಿತು. ಬಕೆಟ್ ತುಂಬ ಬಿಳಿ, ಅದಕ್ಕೆ ನೀಲಿ ನಾಲ್ಕು ಹನಿ, ಕಪ್ಪು ಎರಡು ಹನಿ. ಯಾವ ಹನಿಯೂ ಕಾಣದು. ಗೋಡೆ ಒಣಗಿದ ಮೇಲೆ ನೋಡಿದರೆ ಬೇರೆಯೇ ಬಣ್ಣ.

"ನಿಮ್ಮಪ್ಪ ಹೇಗೆ ಹೋದ್ರು?"

"ಏಣಿಯಿಂದ ಬಿದ್ದು. ಹಿಡ್ಕೊಂಡಿದ್ದ ತಮ್ಮ ಕೈ ಬಿಟ್ಟ." ಇಪ್ಪತ್ತೆರಡು ವರ್ಷದ ಬಾಯಿಪಾಠ, ತಾನಾಗಿಯೇ ಬಂತು.

"ಬೀಳುವಾಗ ಕೂಗಿದ್ರಾ? ಏನಾದ್ರೂ ಹಿಡ್ಕೊಳ್ಳೋಕೆ ನೋಡಿದ್ರಾ?"

ಇಲ್ಲ. ಮೂಟೆ ಉರುಳಿದಂತೆ ಬಿದ್ದ ಎಂದು ನೀನೇ ಅಳುತ್ತ ಹೇಳಿದ್ದೆ. ಯಾರು ಕೇಳಿಸಿಕೊಂಡರು?

ಅವರು ಪೆನ್ನು ಕೆಳಗಿಟ್ಟರು. "ಬಿದ್ದಿದ್ದಕ್ಕೆ ಹೋದ್ರೋ, ಹೋಗಿದ್ದಕ್ಕೆ ಬಿದ್ರೋ? ಈಗ ಖಚಿತವಾಗಿ ಹೇಳೋಕಾಗಲ್ಲ. ನನಗೆ ಎರಡನೇದೇ ಅನ್ಸುತ್ತೆ."

ತಮ್ಮಾ, ನೀನು ಕೈ ಬಿಟ್ಟಿರಲಿಲ್ಲ. ಅಮ್ಮ ಸಾಯುವವರೆಗೂ ನಿನ್ನ ಕೈಯಿಂದ ಒಂದು ಲೋಟ ನೀರು ತೆಗೆದುಕೊಳ್ಳಲಿಲ್ಲ. ಕೊನೆಗೆ ನೀನೂ ನಂಬಿ ಊರು ಬಿಟ್ಟೆ.

ಅಪ್ಪ ಹೋದಾಗ ಅವನಿಗೆ ನಲವತ್ತೆಂಟು, ಅಣ್ಣ ಹೋದಾಗ ನಲವತ್ತಾರು. ನಿನಗೀಗ ನಲವತ್ತೊಂದು. ನಮ್ಮ ಮೇಲಿನ ಸಿಟ್ಟನ್ನು ರಕ್ತ ಪರೀಕ್ಷೆಯ ಮೇಲೆ ತೀರಿಸಬೇಡ. ಈ ವಾರವೇ ಮಾಡಿಸು. ಮಗಳ ವಿಷಯವನ್ನೂ ಡಾಕ್ಟರರ ಹತ್ತಿರ ಕೇಳು. ನೀವು ಮೂವರೂ ನೂರು ಕಾಲ ಬಾಳಿ.

ನಿನ್ನ
ಅಕ್ಕ

ಇನ್ನೊಂದು ಮಾತು. ಇದನ್ನು ಬರೆಯದೆ ಕಾಗದ ಮಡಿಚಲಾರೆ. ಅವತ್ತು ಬೆಳಿಗ್ಗೆ ಅಪ್ಪ ಬಾಗಿಲಲ್ಲಿ ನಿಂತು, "ಎಡಗೈ ಸೆಳೀತಿದೆ ಕಣೇ, ಎದೆ ಯಾಕೋ ಹಿಡ್ಕೊಂಡ ಹಾಗಿದೆ" ಎಂದ. ನಾನು, "ಬಣ್ಣ ಬಳಿಯೋದು ಬಲಗೈ, ನೋವು ಎಡಗೈಗಾ? ಎಷ್ಟು ನೆಪ ಅಪ್ಪಾ ನಿಂದು!" ಎಂದು ನಕ್ಕೆ. ಅವನೂ ನಕ್ಕು ಏಣಿ ಹೊತ್ತುಕೊಂಡ. ಸಂಜೆ ಅಮ್ಮ ನಿನ್ನತ್ತ ಬೆರಳು ತೋರಿಸಿದಾಗ, ಸದ್ಯ ನನ್ನ ಕಡೆ ತಿರುಗಲಿಲ್ಲವಲ್ಲ ಎಂದು ಉಸಿರು ಬಿಟ್ಟೆ. ಆಮೇಲೆ ಯಾವತ್ತೂ ಬಾಯಿ ಬಿಡಲಿಲ್ಲ.

ನಾಳೆ ಎಂಟು ಗಂಟೆಗೆ ನನ್ನ ರಕ್ತ ತೆಗೆಯುತ್ತಾರೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು.