ಓಡದ ಗಾಡಿಯ ಸಾಲು

ಮನೆ
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಅಕ್ಕಾ,

ಮೊಣಕಾಲು ನೋವು ಹೇಗಿದೆ? ಊರವರಿಗೆಲ್ಲ ಮಾತ್ರೆ ನುಂಗಿಸುವ ನರ್ಸಮ್ಮ ತಾನು ಮಾತ್ರ ಎಣ್ಣೆ ಸವರಿಕೊಂಡು ಕೂರುತ್ತಾಳೆ ಅಂತ ಅಪ್ಪನ ದೂರು. ಅಪ್ಪ ಆರಾಮಾಗಿದ್ದಾರೆ. ನನ್ನ ತಲೆಯೇ ಕೆಟ್ಟು ಕೆರ ಹಿಡಿದಿದೆ. ಫೋನಿನಲ್ಲಿ ರೈಲ್ವೆ ಗೇಟಿನ ಮಾತೆತ್ತಿದರೆ ನೀನು ಇಟ್ಟೇಬಿಡುತ್ತೀಯ, ಅದಕ್ಕೇ ಈ ಕಾಗದ.

ಮೂವತ್ತಮೂರನೇ ವಯಸ್ಸಿಗೆ ಸಂಜೆ ಕಾಲೇಜು ಸೇರಿದಾಗ ನಕ್ಕಿದ್ದೆಯಲ್ಲ, ಈಗ ಅನುಭವಿಸುತ್ತಿದ್ದೇನೆ. ಇತಿಹಾಸದ ಮೇಡಂ ಒಂದು ಪ್ರಬಂಧ ಕೊಟ್ಟಿದ್ದಾರೆ. ಹಳೆಯ ದಾಖಲೆಗಳ ನಕಲನ್ನು ಪಕ್ಕಪಕ್ಕ ಇಟ್ಟುಕೊಂಡು, ಯಾವುದನ್ನು ಎಷ್ಟು ನಂಬಬೇಕು, ಯಾಕೆ, ಅಂತ ನಾವೇ ವಾದಿಸಬೇಕು. ಚೀಟಿ ಎತ್ತಿ ನನ್ನ ಪಾಲಿನ ಲಕೋಟೆ ಬಿಚ್ಚಿದರೆ, ನಮ್ಮ ರೈಲ್ವೆ ಗೇಟು! ಇಪ್ಪತ್ತಾರು ವರ್ಷದ ಹಿಂದಿನ ಆ ಅಪಘಾತ. ನಾನು ಗೇಟ್‌ಮ್ಯಾನ್ ಮಗಳು ಅಂತ ಮೇಡಂಗೆ ಗೊತ್ತಿಲ್ಲ. ಲಕೋಟೆ ಚೀಲಕ್ಕೆ ತುರುಕಿಕೊಂಡು ಬಂದುಬಿಟ್ಟೆ.

ಒಳಗೆ ಮೂರು ಕಾಗದ. ಹಾಲಿನ ವ್ಯಾನಿನ ಡ್ರೈವರ್ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಕೊಟ್ಟ ಹೇಳಿಕೆ ಒಂದು: ಗೇಟು ತೆಗೆದೇ ಇತ್ತು. ಎರಡು ದಿನದ ನಂತರದ ಪತ್ರಿಕೆ ಇನ್ನೊಂದು: ಸಂಜೆ ಐದೂವರೆಗೆ ರೈಲು ವ್ಯಾನಿಗೆ ಬಡಿದು ಡ್ರೈವರನ ಕಾಲು ಹೋಯಿತು, ಆರಕ್ಕೆಲ್ಲ ಅಧಿಕಾರಿಗಳು ಗೇಟಿನ ರಿಜಿಸ್ಟರ್ ವಶಕ್ಕೆ ತೆಗೆದುಕೊಂಡರು, ಹಳಿ ಕೆಟ್ಟಿದ್ದರಿಂದ ಮರುದಿನದ ತನಕ ಯಾವ ಗಾಡಿಯೂ ಓಡಲಿಲ್ಲ. ಮೂರನೆಯದು ಆ ರಿಜಿಸ್ಟರಿನ ಪುಟ: ಐದೂ ಇಪ್ಪತ್ತಕ್ಕೆ ಗೇಟು ಹಾಕಿದೆ. ವಿಚಾರಣೆಯವರು ನಂಬಿದ್ದು ಇದನ್ನೇ. ಡ್ರೈವರ್ ತಾನೇ ಗೇಟು ಎತ್ತಿ ನುಗ್ಗಿದ ಅಂತ ತೀರ್ಮಾನವಾಗಿ ಅವನ ಕೆಲಸವೂ ಹೋಯಿತು.

ಅರ್ಧ ಪ್ರಬಂಧ ಸಲೀಸಾಗಿ ಬರೆದೆ. ಆಗಿಂದಾಗಲೇ ತುಂಬಿದ ಸರ್ಕಾರಿ ರಿಜಿಸ್ಟರಿಗಿಂತ ನಂಬಿಕಸ್ಥ ಸಾಕ್ಷಿ ಯಾವುದಿದೆ ಅಂತೆಲ್ಲ ಕೊಚ್ಚಿಕೊಂಡೆ. ಆಮೇಲೆ ಪುಟದ ಕೊನೆಯ ಸಾಲು ಕಣ್ಣಿಗೆ ಬಿತ್ತು: ರಾತ್ರಿ ಒಂಬತ್ತೂ ಹತ್ತರ ಗಾಡಿ, ಗೇಟು ಹಾಕಿದೆ. ಆರಕ್ಕೇ ವಶವಾದ ಪುಸ್ತಕದಲ್ಲಿ, ಓಡದೇ ಇದ್ದ ಗಾಡಿ! ಅಕ್ಷರ ನಿನ್ನದು, ಅಕ್ಕಾ. ನನಗೆ ಅ ಆ ಇ ಈ ತಿದ್ದಿಸಿದವಳ ಕೈಬರಹ ನನಗೆ ಗೊತ್ತಾಗುವುದಿಲ್ಲವೇ?

ಅಪ್ಪನಿಗೆ ಬರೆಯಲು ಬರುವುದಿಲ್ಲ ಎನ್ನುವುದು ನಮ್ಮ ಮನೆಯ ಗುಟ್ಟು. ಶಾಲೆಗೆ ಹೊರಡುವ ಮುಂಚೆ ನೀನು ಎಂಟೂ ಗಾಡಿಯ ಸಾಲು ತುಂಬಿಟ್ಟು, ಯಾವುದಾದರೂ ತಡವಾದರೆ ಆಮೇಲೆ ತಿದ್ದುತ್ತಿದ್ದೆ. ಹನ್ನೆರಡು ವರ್ಷದ ನಿನಗೆ ಅದೂ ಒಂದು ಹೋಂವರ್ಕು. ಹಾಗಾದರೆ ಐದೂ ಇಪ್ಪತ್ತರ ಸಾಲೂ ನೀನು ಬೆಳಿಗ್ಗೆಯೇ ಬರೆದಿಟ್ಟದ್ದು. ಆ ಸಂಜೆ ನಿಜಕ್ಕೂ ಗೇಟು ಹಾಕಿತ್ತೋ ತೆಗೆದಿತ್ತೋ? ಡ್ರೈವರ್ ಸುಳ್ಳುಗಾರ ಅಂತಲೇ ನಂಬಿ, ಅವನ ಸೈಕಲ್ ರಿಪೇರಿ ಅಂಗಡಿ ಬಂದಾಗಲೆಲ್ಲ ಇಷ್ಟು ವರ್ಷ ಮುಖ ತಿರುಗಿಸಿಕೊಂಡು ಹೋಗಿದ್ದೇನೆ. ಮೇಡಂ ಈ ಸಾಲನ್ನು ನೋಡಿಯೇ ಲಕೋಟೆಗೆ ಹಾಕಿದರೋ, ನೋಡದೆಯೋ? ಬರೆದರೆ ಅಪ್ಪನ ಮಾನ ಹೋಗುತ್ತದೆ. ಬಿಟ್ಟರೆ, ಗೊತ್ತಿದ್ದೂ ನಾನೇ ಅವನನ್ನು ಇನ್ನೊಂದು ಸಲ ಸುಳ್ಳುಗಾರ ಮಾಡಿದ ಹಾಗೆ. ಮದುವೆಯಾದ ಮೇಲೆ ನೀನು ಒಮ್ಮೆಯೂ ಇತ್ತ ಬಾರದ್ದು ಇದಕ್ಕೇ ಏನು? ಕೋಪ ಬರುತ್ತಿದೆ, ಯಾರ ಮೇಲೆ ಅಂತ ತಿಳಿಯುತ್ತಿಲ್ಲ. ಸೋಮವಾರ ಪ್ರಬಂಧ ಕೊಡಬೇಕು.

ಕಾಲಿಗೆ ಬಿಸಿನೀರಿನ ಕಾವು ಕೊಡು. ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆ ನನ್ನ ಪರವಾಗಿ ಹಿಂಡು.

ನಿನ್ನ ತಲೆಹರಟೆ
ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಅಪ್ಪ ಬಂದು ಯಾರಿಗೆ ಕಾಗದ ಅಂತ ಕೇಳಿದರು. ಪೂರ್ತಿ ಓದಿ ಹೇಳಿಬಿಟ್ಟೆ. ಕೇಳಿ ಮುಗಿಸಿದವರೇ, "ಗೇಟು ತೆಗೆದೇ ಇತ್ತಮ್ಮ. ನಂಗೆ ನಿದ್ದೆ ಹತ್ತಿಬಿಟ್ಟಿತ್ತು. ಅವಳು ಬರೆದದ್ದರಿಂದ ನಾನು ಉಳ್ಕೊಂಡೆ. ತಪ್ಪು ನಿಂದಲ್ಲ ಮಗಳೇ ಅಂತ ಒಂದಿನಾನೂ ಅವಳಿಗೆ ಹೇಳ್ಲಿಲ್ಲ. ಅದನ್ನ ಮೊದಲು ಬರಿ" ಅಂದರು. ಆಮೇಲೆ, ಆ ಮೂರರ ಜೊತೆ ನಾಲ್ಕನೇ ಕಾಗದ ತನ್ನದಿರಲಿ ಅಂತ, ಹೇಳಿದ್ದನ್ನೆಲ್ಲ ನನ್ನ ಕೈಲಿ ಬರೆಸಿ ಹೆಬ್ಬೆಟ್ಟು ಒತ್ತಿದರು. ಈಗ ಆ ಕಾಗದ ಜೇಬಿಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಸೈಕಲ್ ಅಂಗಡಿಯ ಕಡೆ ಹೊರಟಿದ್ದಾರೆ. ಜೊತೆಗೆ ಹೋಗಲೋ ಬೇಡವೋ ತಿಳಿಯದೆ ಬಾಗಿಲಲ್ಲೇ ನಿಂತು ಇಷ್ಟು ಗೀಚುತ್ತಿದ್ದೇನೆ. ಬಂದುಬಿಡು, ಅಕ್ಕಾ.