ಏಜೆಂಟ್ ಹೇಳಿದ ‘ಹೂಂ’

ಹೊರದೇಶಕ್ಕೆ ದುಡಿಯಲು ಹೋಗುವವರ ರಕ್ಷಣೆಗೆಂದೇ ಕುರ್ಚಿ ಹಾಕಿಸಿಕೊಂಡಿರುವ ಮಾನ್ಯ ಅಧಿಕಾರಿಗಳೇ,

ಮಹಾನಂದ ಎಂಬ ಹೆಣ್ಣುಮಗಳಿಗೆ ನೀವು ಕೇಳಿದ ಪ್ರಶ್ನೆಗೆ ‘ಹೂಂ’ ಎಂದವನು ಅವಳನ್ನು ಕರೆತಂದ ಏಜೆಂಟ್. ಅದನ್ನೇ ಅವಳ ಒಪ್ಪಿಗೆಯೆಂದು ಬರೆದುಕೊಂಡು ಮೊಹರು ಒತ್ತಿದಿರಿ. ನನ್ನ ದೂರು ಇದೇ.

ನಾನು ಮೂವತ್ತು ವರ್ಷ ಚರಿತ್ರೆ ಪಾಠ ಹೇಳಿದ ಮೇಷ್ಟ್ರು. ಕಳೆದ ಶತಮಾನದಲ್ಲಿ ದಲ್ಲಾಳಿಗಳು ಚೀನಾದ ಬಡವರನ್ನು ಆಸೆ ತೋರಿಸಿಯೋ ಎಳೆದೊಯ್ದೋ ಹಡಗಿಗೆ ತುಂಬಿ ಕ್ಯೂಬಾ, ಪೆರುವಿಗೆ ಸಾಗಿಸುತ್ತಿದ್ದರು. ಎಷ್ಟೋ ಜನ ದಾರಿಯಲ್ಲೇ ಸತ್ತರು. ಗದ್ದಲವೆದ್ದ ಮೇಲೆ ಬ್ರಿಟಿಷರು 1855ರಲ್ಲಿ ಕಾಯಿದೆ ತಂದರು: ಹಾಂಗ್‌ಕಾಂಗ್‌ನಿಂದ ಹಡಗು ಹೊರಡುವ ಮೊದಲು, ಎಲ್ಲಿಗೆ, ಯಾವ ಕರಾರಿನ ಮೇಲೆ ಹೋಗುತ್ತಿದ್ದೇವೆಂದು ಪ್ರಯಾಣಿಕರಿಗೆ ಗೊತ್ತಿದೆಯೇ ಎಂದು ಅಧಿಕಾರಿ ವಿಚಾರಿಸಬೇಕು. ಕಾಯಿದೆಯೇನೋ ಸರಿ. ಆದರೆ ನಡುವೆ ನಿಂತ ದುಭಾಷಿ ದಲ್ಲಾಳಿಯ ಕಡೆಯವನೇ ಆಗಿದ್ದರೆ? ಹೊರದೇಶಕ್ಕೆ ಹೋಗುವ ಕೆಲಸಗಾರರಿಗೆಂದು 1983ರಲ್ಲಿ ಬಂದ ನಮ್ಮ ಕಾಯಿದೆಗೆ ಇನ್ನೂ ಮೂರೇ ವರ್ಷ. ಇಷ್ಟು ಬೇಗ ಅದೇ ರೋಗ ಅಂಟಿಸಿಕೊಂಡ ನಿಮ್ಮ ಚುರುಕುತನವನ್ನು ಮೆಚ್ಚಬೇಕು!

ಮಹಾನಂದ ನನ್ನ ಹಳೆಯ ವಿದ್ಯಾರ್ಥಿನಿ. ಓಕಳಿಪುರಂನಲ್ಲಿ ತಾಯಿ ಸಿದ್ದಮ್ಮನ ಜೊತೆ ವಾಸ, ಮಲ್ಲೇಶ್ವರದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ಆಯಾ. ಕೊಲ್ಲಿ ದೇಶದಲ್ಲೂ ಆಸ್ಪತ್ರೆ ಕೆಲಸವೇ ಎಂದಿದ್ದ ಏಜೆಂಟ್. ನಿಮ್ಮ ಮೇಜಿನ ಮೇಲಿದ್ದ ಇಂಗ್ಲಿಷ್ ಕರಾರಿನಲ್ಲಿ ಇದ್ದದ್ದು ಮನೆಗೆಲಸ. ಈ ಕರಾರಿಗೆ ಒಪ್ಪಿಗೆಯೇ ಎಂದು ನೀವು ಕೇಳಿದ್ದೂ ಇಂಗ್ಲಿಷಿನಲ್ಲೇ.

“ಸಾಹೇಬ್ರು ಏನ್ ಕೇಳ್ತಿದಾರೆ?” ಎಂದಳಂತೆ ಮಹಾನಂದ.

“ಏನಿಲ್ಲಮ್ಮ, ಹುಷಾರಾಗಿ ಹೋಗ್ಬಾ ಅಂತಿದಾರೆ,” ಅಂದನಂತೆ ಏಜೆಂಟ್.

ಅವಳು ನಿಮಗೆ ಕೈಮುಗಿದು ಹೊರಟಳು.

ಹನ್ನೊಂದು ತಿಂಗಳು ಒಂದು ಮನೆಯೊಳಗೆ ಕಳೆದಳು. ಪಾಸ್‌ಪೋರ್ಟ್ ಯಜಮಾನನ ಬೀರುವಿನಲ್ಲಿತ್ತು. ಕಾದ ಎಣ್ಣೆ ಎಡಗೈ ಮೇಲೆ ಚೆಲ್ಲಿದಾಗ ಆ ಮನೆಯವರು ಡಾಕ್ಟರಿಗೂ ತೋರಿಸಲಿಲ್ಲ. ಕೊನೆಗೆ ಪಕ್ಕದ ಮನೆಯ ಮಂಗಳೂರಿನ ಡ್ರೈವರ್ ಅವಳನ್ನು ರಾಯಭಾರ ಕಚೇರಿಗೆ ಮುಟ್ಟಿಸಿದ. ಹೋದ ತಿಂಗಳು ಊರಿಗೆ ಬಂದಳು. ಆ ಕೈ ಈಗ ಮಡಚಲು ಬರುವುದಿಲ್ಲ. ಹಸುಗೂಸನ್ನು ಎತ್ತಿಕೊಳ್ಳಲಾಗದ ಆಯಾಳನ್ನು ಯಾವ ಆಸ್ಪತ್ರೆ ಇಟ್ಟುಕೊಳ್ಳುತ್ತದೆ?

ನಿಮ್ಮ ಕಚೇರಿಗೆ ಬಂದೆ. ಗುಮಾಸ್ತರು ಫೈಲು ತಿರುವಿ, “ಎಲ್ಲಾ ಸರಿಯಾಗೇ ಇದೆಯಲ್ಲ ಮೇಷ್ಟ್ರೇ?” ಅಂದರು. ನಿಜ, ಫೈಲಿಗೆ ಒಂದು ಸುಟ್ಟ ಗಾಯವೂ ಆಗಿಲ್ಲ.

ಬರುವ ಮಂಗಳವಾರ ಅದೇ ಏಜೆಂಟ್ ಮಹಾನಂದಳ ಬೀದಿಯವಳೇ ಆದ ಗಂಗರತ್ನಮ್ಮನನ್ನು ನಿಮ್ಮೆದುರು ತಂದು ನಿಲ್ಲಿಸುತ್ತಾನೆ. ದಯವಿಟ್ಟು ಅವನನ್ನು ಹೊರಗೆ ಕಳಿಸಿ. ಕರಾರನ್ನು ಕನ್ನಡದಲ್ಲಿ ಓದಿಸಿ, ಅವಳ ಬಾಯಿಂದಲೇ ಉತ್ತರ ಕೇಳಿ. ಓದಲು ಯಾರೂ ಇಲ್ಲವೆಂದರೆ ನಾನೇ ಬಂದು ಕೂರುತ್ತೇನೆ. ಮಹಾನಂದಳ ಬಗೆಗಿನ ಈ ದೂರಿನ ವಿಚಾರಣೆ ಮುಗಿಯುವವರೆಗೆ ಆ ಏಜೆಂಟನ ಪರವಾನಗಿಯನ್ನು ತಡೆಹಿಡಿಯಿರಿ.

ಇಂತಿ,
“ಗೌರ್ಮೆಂಟೇ ವಿಚಾರಿಸಿ ಕಳಿಸುತ್ತಮ್ಮ, ಧೈರ್ಯವಾಗಿ ಹೋಗು” ಎಂದು ಅವಳನ್ನು ಹೊರಡಿಸಿದ,
ಬದರೀನಾರಾಯಣ
ಚಾಮರಾಜಪೇಟೆ, 1986