ಹಾರದ ಬಕಗಳು

ಜನವರಿ ೧೧, ಭಾನುವಾರ

ಅಣ್ಣನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ. ಇಂದು ಕಡಲತೀರದಲ್ಲಿ ಅದು ಖಚಿತವಾಯಿತು.

ಹದಿನಾಲ್ಕು ವರ್ಷಗಳಿಂದ ಚಳಿಗಾಲದ ಹಕ್ಕಿ ಎಣಿಕೆಗೆ ನಾವಿಬ್ಬರೇ ಹೋಗುತ್ತೇವೆ. ಅವನು ದುರ್ಬೀನಿನಲ್ಲಿ ನೋಡಿ ಹೇಳುತ್ತಾನೆ, ನಾನು ಬರೆಯುತ್ತೇನೆ. ಬರೆಯುವವನು ತಲೆ ಎತ್ತಬಾರದು ಎಂಬುದು ಅವನದೇ ಕಟ್ಟಳೆ.

"ಬೂದು ಬಕ, ಹನ್ನೊಂದು" ಎಂದ. ಬರೆದೆ. ದೊಡ್ಡ ಅಲೆಯೊಂದು ಅಪ್ಪಳಿಸಿದರೂ ರೆಕ್ಕೆಯ ಸದ್ದೇ ಇಲ್ಲ. ತಲೆ ಎತ್ತಿದೆ. ಅಲ್ಲಿದ್ದದ್ದು ಹಳೆಯ ಬೇಲಿಯ ಗೂಟಗಳು.

"ಅಣ್ಣ, ಅವು ಗೂಟ."

ಅವನು ದುರ್ಬೀನು ಇಳಿಸಲಿಲ್ಲ. "ಗೊತ್ತು ಕಣೋ. ನೀನು ತೂಕಡಿಸ್ತಿದ್ದೀಯಾ ಅಂತ ನೋಡ್ದೆ" ಎಂದು ನಕ್ಕ. ನಾನು ನಗಲಿಲ್ಲ.

ಹೋಗುವಾಗ ವ್ಯಾನು ಓಡಿಸಿದವನು ಅವನೇ. ಬರುವಾಗ ನಾನು ಕೀ ಕೇಳಿದೆ. ಕೊಟ್ಟ. ಯಾರಿಗೂ ಕೊಟ್ಟವನಲ್ಲ.

ದಾರಿಯಲ್ಲಿ ಒಂದೇ ಮಾತು: "ಮಾರ್ಚ್‌ವರೆಗೆ ಬಾಯಿ ಮುಚ್ಕೊಂಡಿರು. ಮಕ್ಕಳ ಪರೀಕ್ಷೆ ಮುಗೀಲಿ, ನಾನೇ ಈ ಕೆಲಸ ಬಿಡ್ತೀನಿ. ಆ ರಸ್ತೆ ನಂಗೆ ಕಣ್ಮುಚ್ಚಿದ್ರೂ ಗೊತ್ತು."

ಅಣ್ಣ ಓಡಿಸುವುದು ಶಾಲೆಯ ವ್ಯಾನು. ದಿನಾ ಹದಿನೆಂಟು ಮಕ್ಕಳು ಹತ್ತುತ್ತಾರೆ.

ಅತ್ತಿಗೆಗೆ ಫೋನ್ ಮಾಡಿದೆ. "ನಿಂಗೆ ಇವತ್ತು ಗೊತ್ತಾಯ್ತಾ? ತಟ್ಟೇಲಿ ಏನು ಎಲ್ಲಿದೆ ಅಂತ ಆರು ತಿಂಗಳಿಂದ ನಾನೇ ಹೇಳ್ತಿದೀನಿ" ಎಂದು ಅತ್ತರು.

ಕೀ ನನ್ನ ಜೇಬಿನಲ್ಲೇ ಉಳಿದಿದೆ. ಅವನು ಕೇಳಲಿಲ್ಲ, ಅವನ ಮನೆಯಲ್ಲಿ ಇನ್ನೊಂದಿದೆ. ನಾಳೆ ಬೆಳಿಗ್ಗೆ ವ್ಯಾನು ಏಳಕ್ಕೆ ಹೊರಡುತ್ತದೆ. ಆರಕ್ಕೇ ಶಾಲೆಯ ಮುಖ್ಯೋಪಾಧ್ಯಾಯಿನಿಗೆ ಹೇಳಿಬಿಡುತ್ತೇನೆ. ಅಣ್ಣ ನನ್ನನ್ನು ಕ್ಷಮಿಸಲಾರ.

ಎಣಿಕೆಯ ಹಾಳೆಯಲ್ಲಿ ಹನ್ನೊಂದು ಬಕಗಳನ್ನು ಹೊಡೆದುಹಾಕಿದೆ. ಕೆಳಗೆ 'ನೋಡಿದವರು' ಎಂಬಲ್ಲಿ ಅವನ ಹೆಸರಿದೆ. ಅದನ್ನು ಹೊಡೆಯಲು ಮಾತ್ರ ನನಗೆ ಮನಸ್ಸಾಗಲಿಲ್ಲ.